ಕಟಿಂಗ್ ಕಾಕಾ ಹೇಳಿದ ಅಪ್ಪ

ಕಾಕಾನ ಎಡಗೈಯ ಎರಡು ಬೆರಳು ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದವು. ಆ ಬೆರಳುಗಳಿಂದ ನನ್ನ ಕಿವಿಯನ್ನು ವೀಳ್ಯದೆಲೆ ಮಡಿಚಿದ ಹಾಗೆ ಮಡಿಚಿ ಹಿಡಿದು, ಹಿಂದಿನ ಕೂದಲನ್ನು ಕಚಕಚ ಕತ್ತರಿಸುತ್ತಿದ್ದ. ಕೈಗೆ ಪಟಿಕದ ವಾಸನೆ, ಬಾಯಿಗೆ ಬೀಡಿಯ ವಾಸನೆ. ಕುರ್ಚಿಯ ಎರಡೂ ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ನನ್ನನ್ನು ಏರಿಸಿ, "ತಲಿ ತಗ್ಗಸಪಾ, ಎತ್ತೂದು ಮುಂದ ಇದ್ದ ಐತಿ" ಅನ್ನುತ್ತಿದ್ದ. ಆಲಮೇಲದ ಬಸ್‌ಸ್ಟ್ಯಾಂಡಿನ ಹಿಂದೆ ಅವನ ಅಂಗಡಿ. ಊರಿಗೆಲ್ಲ ಅವನು ಕಟಿಂಗ್ ಕಾಕಾ.

ಅಪ್ಪ ಕಾರ್ಗಿಲ್ ಯುದ್ಧದಲ್ಲಿ ತೀರಿಕೊಂಡಾಗ ನನಗೆ ಹನ್ನೊಂದು ತಿಂಗಳು. ಗೋಡೆಯ ಮೇಲೆ ಹಾರ ಹಾಕಿದ ಒಂದು ಫೋಟೋ, ಅಷ್ಟೇ ನನ್ನ ಪಾಲಿನ ಅಪ್ಪ. ಆಗಸ್ಟ್ ಹದಿನೈದು ಬಂತೆಂದರೆ ಶಾಲೆಯಲ್ಲಿ ನನ್ನನ್ನು ದೊಡ್ಡವರ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಭಾಷಣ ಮಾಡಿದವರೆಲ್ಲ "ಹುಲಿ, ಹುಲಿ" ಅನ್ನುವವರೇ. ಆ ಹುಲಿ ರೊಟ್ಟಿಯ ಜೊತೆ ಏನು ಉಣ್ಣುತ್ತಿತ್ತು, ನಗುವಾಗ ಸದ್ದು ಮಾಡುತ್ತಿತ್ತೋ ಇಲ್ಲವೋ, ಒಬ್ಬರೂ ಹೇಳಲಿಲ್ಲ. ಮನೆಯಲ್ಲಿ ಕೇಳಿದರೆ ಅವ್ವ, "ಫೋಟೋ ಐತೆಲ್ಲ, ನೋಡು" ಎಂದು ಒಳಗೆ ಹೋಗಿಬಿಡುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟಿತ್ತು, ಅದನ್ನು ಮುಚ್ಚಿಡುವುದೇಕೆ.

ಏಳು ವರ್ಷದವನಿದ್ದಾಗ ಹಲಗೆಯ ಮೇಲೆ ಕೂತು ಕಾಕಾನನ್ನು ಕೇಳಿದೆ, "ನಮ್ಮಪ್ಪನ ಕಟಿಂಗೂ ನೀನ ಮಾಡತಿದ್ದೇನು?"

"ಮತ್ತ ಯಾರ ಮಾಡತಿದ್ರು!" ಎಂದ ಕಾಕಾ, ಕತ್ತರಿ ನಿಲ್ಲಿಸಿ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಏನು ಕಂಡಿತೋ, ಕತೆ ಶುರುಮಾಡಿದ. ಭೀಮಾ ನದಿ ತುಂಬಿ ಹರಿಯುವಾಗ ಅಪ್ಪ ಬಾಯಲ್ಲಿ ಕಬ್ಬಿನ ಗಳ ಕಚ್ಚಿಕೊಂಡು ಆ ದಂಡೆಗೆ ಈಜಿ ಹೋಗಿ, ಅಲ್ಲಿ ಕೂತು ಕಬ್ಬು ತಿಂದು, ಮತ್ತೆ ಈಜಿ ಬಂದನಂತೆ.

ನಾನು ಓಡುತ್ತ ಮನೆಗೆ ಬಂದು ಅವ್ವನಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ಸುಳ್ಳ! ಯಾರಂದ್ರು? ನಿಮ್ಮಪ್ಪ ಮೊಣಕಾಲ ನೀರಿಗೂ ಹೆದರತಿದ್ರು. ದ್ವಾಣ್ಯಾಗ ಕೂತ್ರ ನನ್ನ ಕೈ ಗಟ್ಟಿ ಹಿಡಕೊಂಡು ಕಣ್ಣ ಮುಚ್ಚತಿದ್ರು."

ಅಂದಳು, ನಕ್ಕಳು. ಅಪ್ಪನ ಬಗ್ಗೆ ಅವಳು ನನ್ನೊಡನೆ ಆಡಿದ ಮೊದಲ ಮಾತದು. ನಾನು ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮುಂದಿನ ಕಟಿಂಗಿಗೆ ಹೋದಾಗ ಕಾಕಾನ ಜೊತೆ ಜಗಳಕ್ಕೇ ನಿಂತೆ. ಅವನು ಬೈಸಿಕೊಂಡು ಸುಮ್ಮನೆ ನಕ್ಕ. "ನಿಮ್ಮವ್ವ ಹಂಗಂದ್ರಾ? ಮತ್ತೇನಂದ್ರು?" ಎಂದು ಎಲ್ಲ ಹೇಳಿಸಿಕೊಂಡ. ಆಮೇಲೆ ಹೊಸದೊಂದು ಬಿಟ್ಟ: ಅಪ್ಪ ಹತ್ತು ಹಸಿಮೆಣಸಿನಕಾಯಿ ಒಂದೇ ಉಸಿರಿಗೆ ತಿನ್ನುತ್ತಿದ್ದನಂತೆ. "ಸುಳ್ಳ," ಎಂದಳು ಅವ್ವ, "ಅರ್ಧ ಮೆಣಸಿನಕಾಯಿಗೆ ಕಣ್ಣಾಗ ನೀರ ಬರತಿತ್ತು, ಬೆಲ್ಲ ತಾ ಅಂತಿದ್ರು." ಭಜನೆಯಲ್ಲಿ ಅಪ್ಪ ಹಾಡಿದರೆ ಊರೇ ಎದ್ದು ಬರುತ್ತಿತ್ತು ಎಂದ ಕಾಕಾ. "ಎದ್ದು ಹೋಗತಿತ್ತು," ಎಂದಳು ಅವ್ವ, "ಅದಕ್ಕ ತಾಳ ಕೊಟ್ಟು ಹಿಂದ ಕೂಡಸತಿದ್ರು."

ಹೀಗೆ ಒಂದು ಸುಳ್ಳಿಗೆ ಒಂದು ನಿಜ ಸಿಗುತ್ತ ಹೋಯಿತು. ಬರಬರುತ್ತ ಅವ್ವನೇ ಕಾಯತೊಡಗಿದಳು. ಹದಿನೈದು ದಿನ ಆಗಿರುತ್ತಿರಲಿಲ್ಲ, "ಕೂದಲ ಎಷ್ಟ ಬೆಳದಾವ ನೋಡು, ಕಾಕಾನ ಕಡೆ ಹೋಗಿ ಬಾ" ಅನ್ನುವಳು. ಸದಾ ಬೋಳುಬೋಳಾಗಿ ಕತ್ತರಿಸಿದ ನನ್ನ ತಲೆ ನೋಡಿ ಮಾಸ್ತರರು, "ಹೇನ ಆಗ್ಯಾವೇನೋ?" ಎಂದು ದೂರ ಕೂರಿಸಿದ್ದೂ ಉಂಟು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಎಂಟನೆಯ ಇಯತ್ತೆಗೆ ಬರುವಷ್ಟರಲ್ಲಿ ನೀರಿಗೆ ಹೆದರುವ, ಖಾರ ತಡೆಯದ, ರಾಗ ಬಾರದ ಒಬ್ಬ ಅಪ್ಪ ನನಗೆ ಪೂರ್ತಿಯಾಗಿ ದಕ್ಕಿದ್ದ.

ನಾನು ಸಿಂದಗಿಯಲ್ಲಿ ಮಾಸ್ತರನಾದ ಮೇಲೂ ಕಟಿಂಗಿಗೆ ಆಲಮೇಲಕ್ಕೇ ಬರುತ್ತಿದ್ದೆ. ಹೋದ ವರ್ಷ ಕಾಕಾ ಹಾಸಿಗೆ ಹಿಡಿದ. ನೋಡಲು ಹೋದಾಗ ಪಕ್ಕದಲ್ಲಿ ಕೂತು, "ಕಾಕಾ, ಅಷ್ಟೆಲ್ಲಾ ಸುಳ್ಳ ಯಾಕ ಹೇಳಿದಿ?" ಎಂದೆ.

"ನಿಮ್ಮಪ್ಪ ನನ್ನ ಕುರ್ಚ್ಯಾಗ ಕೂತದ್ದು ಆರೇಳ ಸಲ, ಅಷ್ಟ. ಗೊತ್ತಿದ್ದದ್ದು ಏನಿತ್ತು? ನೀ ಆಸೆಲೇ ಕೇಳಿದಿ, ಬರೇ ಕೈಲೆ ಕಳಸಾಕ ಆಗಲಿಲ್ಲ. ಆಮ್ಯಾಲ ನಿಮ್ಮವ್ವ ಬಾಯಿ ಬಿಡಾಕತ್ರು, ನಾನೂ ಬಿಡಲಿಲ್ಲ." ದಿಂಬಿನ ಮೇಲೆ ತಲೆ ಹೊರಳಿಸಿ ನನ್ನ ಮುಖ ನೋಡಿದ. "ಖರೇದು ಒಂದ ಇತ್ತು. ಅದನ್ನ ಹೇಳಬಾರದಂತ ಉಳದದ್ದೆಲ್ಲ ಕಟ್ಟಿದೆ."

ಕೊನೆಯ ರಜೆ ಮುಗಿಸಿ ಹೊರಡುವ ಹಿಂದಿನ ದಿನ ಅಪ್ಪ ಕಟಿಂಗಿಗೆ ಬಂದಿದ್ದನಂತೆ. ಕುರ್ಚಿಯಲ್ಲಿ ಕೂತು ತಲೆ ತಗ್ಗಿಸಿ, "ಕಾಕಾ, ಈ ಸಲ ಹೋಗಾಕ ಮನಸ್ಸ ಒಲ್ಲದು. ಕೂಸು ಗ್ವಾಡಿ ಹಿಡಕೊಂಡು ನಿಂದ್ರಾಕತ್ತೈತಿ. ಇನ್ನ ಎಂಟ ದಿನ ಇದ್ರ ನಡಿಯೂದು ನೋಡತಿದ್ದೆ" ಎಂದನಂತೆ.

"ಊರೆಲ್ಲ ಹುಲಿ ಅನ್ನಾಕತ್ತಿತ್ತು," ಎಂದ ಕಾಕಾ, "ಅಂಥಾದ್ರಾಗ ಮನಸ್ಸಿಲ್ಲದ ಹೋದಾ ಅಂತ ಹೆಂಗ ಹೇಳ್ಲಿ? ನಿನಗ ತಲಿ ತಗ್ಗಿಸೂ ಹಂಗ ಆಗಬಾರದಂತ ಮುಚ್ಚಿಟ್ಟೆ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊ."

ನನಗೆ ನಾಚಿಕೆಯಾಗಲಿಲ್ಲ. ಖುಷಿಯಾಯಿತು, ಅಳುವೂ ಬಂತು. ಹುಲಿಗೆ ನಾನು ಯಾರೋ ಏನೋ, ನನ್ನ ನಡಿಗೆ ನೋಡಲು ಎಂಟು ದಿನ ಬೇಡಿದವನಿಗೆ ಮಾತ್ರ ನಾನು ಮಗ. ಕಾಕಾನ ಆ ಎರಡು ಬೆರಳು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ.

ತಿಂಗಳೊಪ್ಪತ್ತಿನಲ್ಲಿ ಕಾಕಾ ಹೋದ. ಮಣ್ಣು ಕೊಟ್ಟು ಬಂದು, ಸ್ನಾನ ಮಾಡಿ, ಅವ್ವನ ಮುಂದೆ ಕೂತು ಅವನು ಹೇಳಿದ್ದನ್ನು ಹೇಳಿದೆ. ಇಪ್ಪತ್ತು ವರ್ಷದ ರೂಢಿ, "ಸುಳ್ಳ" ಅನ್ನುತ್ತಾಳೆಂದು ಕಾದೆ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಎಂಟಲ್ಲ," ಎಂದಳು, "ನನ್ನ ಮುಂದ ಹತ್ತು ದಿನ ಅಂದಿದ್ರು."