ಭಾವನ ಅಂಗಿಯ ತೋಳು

ಹುಮನಾಬಾದ್ ಬಸ್ ಸ್ಟ್ಯಾಂಡಿನ ಎದುರಿದ್ದ ನನ್ನ ಹೊಲಿಗೆ ಅಂಗಡಿಗೆ ಒಂದು ಹೆಸರಿತ್ತು. ಬೆಳಿಗ್ಗೆ ಅರಿವೆ ಕೊಟ್ಟು ಬಸ್ಸು ಹತ್ತಿದವರು ಸಂಜೆ ಬಂದು ಇಳಿಯುವಷ್ಟರಲ್ಲಿ ಅಂಗಿ ತಯಾರು, ಗುಂಡಿ ಸಮೇತ. ಸುಳ್ಳು ಹೇಳುತ್ತಿಲ್ಲ, ಆ ಕಾಲಕ್ಕೆ ನನ್ನಷ್ಟು ಜಲ್ದಿ ಮಷೀನು ಓಡಿಸುವವನು ಊರಲ್ಲಿ ಇನ್ನೊಬ್ಬನಿರಲಿಲ್ಲ. ಈ ಮಾತನ್ನು ನಾನೇ ಹೇಳಿಕೊಳ್ಳುತ್ತಿದ್ದೆ. ಬೇರೆಯವರು ಹೇಳಲಿ ಎಂದು ಕಾಯುವ ತಾಳ್ಮೆಯೂ ನನಗಿರಲಿಲ್ಲ. ಊಟಕ್ಕೆ ಕೂತರೆ ಹೆಂಡತಿ ಮೂರನೆಯ ರೊಟ್ಟಿ ತರುವ ಹೊತ್ತಿಗೆ ಕೈ ತೊಳೆದು ಎದ್ದಿರುತ್ತಿದ್ದೆ. ಅಳತೆ ಕೊಡಲು ನಿಂತವರು ಮಳೆ ಬೆಳೆ ಮಾತು ತೆಗೆದರೆ ರೇಗುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹೆಂಡತಿ ಚೊಚ್ಚಲ ಹೆರಿಗೆಗೆಂದು ಮನ್ನಾಏಖೇಳ್ಳಿಯ ತವರಿಗೆ ಹೋಗಿದ್ದಳು. ಹಳ್ಳಿಖೇಡದ ಮದುಮಗನೊಬ್ಬನ ಬಟ್ಟೆಯ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟಿದ್ದೆ. ದಾರಿಯಲ್ಲಿ ಮುಂದೊಂದು ಕಬ್ಬು ಹೇರಿದ ಟ್ರ್ಯಾಕ್ಟರು. ಅದರ ಹಿಂದೆ ಹಿಂದೆ ಹೋಗುವುದು ನನ್ನ ಜಾಯಮಾನವಲ್ಲ. ಪಕ್ಕದಲ್ಲಿ ನುಗ್ಗಿದೆ, ಉದುರಿ ಬಿದ್ದ ಕಬ್ಬಿನ ಮೇಲೆ ಚಕ್ರ ಜಾರಿತು, ಬಲಗಾಲಿನ ಎಲುಬು ಎರಡಾಯಿತು. ಟ್ರ್ಯಾಕ್ಟರಿನವನೇ, ಪಾಪ, ನನ್ನನ್ನು ಎತ್ತಿ ಆಸ್ಪತ್ರೆಗೆ ತಂದ. ಗಂಟು ಮಾತ್ರ ಹರಿಯದೆ ಮದುಮಗನಿಗೆ ಮುಟ್ಟಿತಂತೆ.

ಡಾಕ್ಟರು ತೊಡೆಯವರೆಗೆ ಪ್ಲಾಸ್ಟರ್ ಹಾಕಿ, ಮೂರು ತಿಂಗಳು ಕಾಲು ಊರುವಂತಿಲ್ಲ ಎಂದರು. ಮಷೀನು ಯಾವಾಗ ತುಳಿಯಬಹುದೆಂದು ಕೇಳಿದೆ.

"ಮೊದಲ ಎಲುಬು ಕೂಡಲಿ. ಆಮ್ಯಾಲ ನೋಡೋಣು."

ಆ 'ನೋಡೋಣು' ನನ್ನ ಎದೆಯೊಳಗೆ ಕೂತುಬಿಟ್ಟಿತು. ಕಾಲಿನಿಂದ ತುಳಿಯುವ ಮಷೀನು ನನ್ನದು. ಬಲಗಾಲು ಸೋತರೆ ಕೈಯಲ್ಲಿನ ಕಸುಬು ಇದ್ದೂ ಇಲ್ಲದಂತೆ. ಮೂವತ್ತು ತುಂಬದ ವಯಸ್ಸು, ಮನೆಗೆ ಕೂಸು ಬರುವ ಹೊತ್ತು. ದರ್ಜಿಯಲ್ಲದಿದ್ದರೆ ನಾನು ಇನ್ನೇನು? ನನಗೆ ಹೆದರಿಕೆಯಾಗಿತ್ತು, ಅಷ್ಟೇ.

ನೋಡಿಕೊಳ್ಳುವವರು ಬೇಕಲ್ಲ ಎಂದು ಅಕ್ಕ ನನ್ನನ್ನು ಬಸವಕಲ್ಯಾಣಕ್ಕೆ ಕರೆದೊಯ್ದಳು. ಕೋಟೆಯ ಹತ್ತಿರ ಅವರ ಮನೆ, ಮುಂದಿನ ಓಣಿಯಲ್ಲಿ ಭಾವನ ಕಿರಾಣಿ ಅಂಗಡಿ. ಭಾವ ಮಾತು ಕಡಿಮೆಯ ಮನುಷ್ಯ. ಮದುವೆಯಿರಲಿ, ಸಂತೆಯಿರಲಿ, ಅಂಗಿಯ ತೋಳು ಮೊಣಕೈವರೆಗೆ ಮಡಚಿಯೇ ಇರುತ್ತಿತ್ತು. ಅದು ಅವರ ಶೋಕಿ ಎಂದು ನಾನು ತಿಳಿದಿದ್ದೆ.

ಮೊದಲ ಹದಿನೈದು ದಿನ ನಾನು ಯಾರಿಗೂ ಬೇಡವಾಗಿದ್ದೆ. ಚಹಾ ತಣ್ಣಗಾಗಿದೆ ಎಂದು ಸಿಟ್ಟು, ಬಿಸಿಯಾಗಿದೆ ಎಂದೂ ಸಿಟ್ಟು. ಅಕ್ಕ ಸಮಾಧಾನ ಹೇಳುವವಳಲ್ಲ. ಒಂದು ಮಧ್ಯಾಹ್ನ ಟ್ರಂಕು ಎಳೆದು ತಂದು ನನ್ನ ಮುಂದೆ ಸುರಿದಳು. ತೀರಿಕೊಂಡ ಅವ್ವನ ಸೀರೆಗಳು, ಭಾವನ ಹಳೆಯ ಧೋತರ, ಸವೆದ ಅಂಗಿಗಳು. ಹುಟ್ಟುವ ಕೂಸಿಗೆ ಹೊದಿಸಲು ಕೌದಿ ಬೇಕು, ನೀನೇ ಹೊಲಿ ಎಂದು ಸೂಜಿ ದಾರ ಕೊಟ್ಟಳು. ಕೌದಿ ಹೊಲಿಯುವುದು ಹೆಂಗಸರ ಕೆಲಸ, ನಾನು ಕೋಟು ಹೊಲಿಯುವವನು ಎಂದೆ. ಕೋಟಿಗೆ ಕಾಲು ಬೇಕು, ಕೌದಿಗೆ ಬೇಡ ಎಂದು ಅವಳು ಒಳಗೆ ಹೋದಳು.

ಎರಡು ದಿನದಲ್ಲಿ ಅರ್ಧ ಹೊಲಿದು ಹಾಕಿದೆ. ಅಕ್ಕ ಅದನ್ನು ಬೆಳಕಿಗೆ ಹಿಡಿದು, ಕಿರುಬೆರಳಷ್ಟು ಉದ್ದದ ನನ್ನ ಹೊಲಿಗೆಗಳನ್ನು ನೋಡಿ, ಒಂದು ತುದಿಯಿಂದ ದಾರ ಎಳೆದಳು. ಸಾಲಿಗೆ ಸಾಲೇ ಬಿಚ್ಚಿಕೊಂಡು ಬಂತು.

"ಇದರಾಗ ಕೂಸಿನ ಬೆರಳು ಸಿಗಬೀಳ್ತದ. ನಿನಗ ಯಾವ ಬಸ್ ಹಿಡೀಬೇಕಾಗ್ಯದ ತಮ್ಮಾ?"

ಹಿಡಿಯಲು ಯಾವ ಬಸ್ಸೂ ಇರಲಿಲ್ಲ. ಬಾಯಿಗೆ ಬಂದ ಬೈಗುಳ ನುಂಗಿಕೊಂಡು ಮತ್ತೆ ಶುರುಮಾಡಿದೆ. ಅಕ್ಕಿಕಾಳಿನಷ್ಟು ಹೊಲಿಗೆ, ಅದರ ಪಕ್ಕ ಅಷ್ಟೇ ಜಾಗ, ಮತ್ತೆ ಅಷ್ಟೇ ಹೊಲಿಗೆ. ಮೊದಮೊದಲು ತಲೆ ಚಿಟ್ಟುಹಿಡಿಯಿತು. ಬರಬರುತ್ತ ಏನಾಯಿತೋ, ಓಣಿಯ ಸದ್ದು ಕೇಳಿಸತೊಡಗಿತು. ಬಾವಿಗೆ ಬಂದವರ ನಗು, ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಅಕ್ಕನೂ ಕೆಲಸ ಮುಗಿಸಿ ಎದುರು ಕೂತು ಇನ್ನೊಂದು ಅಂಚಿನಿಂದ ಹೊಲಿಯುತ್ತಿದ್ದಳು. ಅವ್ವನ ಸೀರೆ ಕೈಗೆ ಬಂದಾಗಲೆಲ್ಲ ಅವ್ವನ ಮಾತು ಬರುತ್ತಿತ್ತು. ಎಷ್ಟೋ ವರ್ಷಗಳಾಗಿದ್ದವು ನಾವಿಬ್ಬರೂ ಹಾಗೆ ಹೊಟ್ಟೆ ಹಿಡಿದು ನಕ್ಕು. ರಾತ್ರಿ ನಿದ್ದೆ ಬರತೊಡಗಿತು, ಚಹಾ ಹೇಗಿದ್ದರೂ ರುಚಿ ಎನಿಸಿತು.

ಒಂದು ದಿನ ಹಳೆಯ ಅಂಗಿಯೊಂದು ಕೈಗೆ ಬಂತು. ಹೊಲಿಗೆ ನನ್ನದೇ. ಅಂಗಡಿ ಹಾಕಿದ ಹೊಸದರಲ್ಲಿ ಭಾವನಿಗೆ ಹೊಲಿದು ಕೊಟ್ಟದ್ದು. ಕತ್ತರಿಸಲು ತೋಳಿಗೆ ತೋಳು ಜೋಡಿಸಿ ಹಿಡಿದರೆ ಎಡಗಡೆಯದು ಎರಡು ಬೆರಳು ಗಿಡ್ಡ. ಮತ್ತೆ ಜೋಡಿಸಿದೆ. ಗಿಡ್ಡವೇ. ಭಾವ ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಅಕ್ಕನನ್ನು ಕೇಳಿದೆ. ಅವಳು ಸೂಜಿಯಿಂದ ಕಣ್ಣು ಎತ್ತಲಿಲ್ಲ.

"ಹೇಳಾಕ ಬಂದಿದ್ರು. ನೀ ಜಲ್ದಿದಾಗ ಇದ್ದಿ, ಕೇಳಿಸ್ಕೊಳಿಲ್ಲ. ಮಂದಿ ಮುಂದ ನಿನ್ನ ಹೆಸರು ಕೆಡಬಾರದಂತ ಅವತ್ತಿಂದ ತೋಳ ಮಡಚಾಕತ್ತಾರ. ಈಗ ಯಾವ ಅಂಗಿ ತೊಟ್ರೂ ಮಡಚ್ತಾರ, ರೂಢಿ ಆಗ್ಯದ."

ನನಗೆ ನಾಚಿಕೆಯಾಯಿತು. ನೆಪಕ್ಕೆ ಕಾಲು ನೋಯುತ್ತಿದೆ ಎಂದು ಗೋಡೆಯ ಕಡೆ ತಿರುಗಿ ಅತ್ತೆ. ಸಂಜೆ ಭಾವ ಬಂದು, ಕಾಲಿಗೆ ದಿಂಬು ಸರಿಯಾಗಿದೆಯೇ ಎಂದು ಕೇಳಿ ಊಟಕ್ಕೆ ಕೂತರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಮನ್ನಾಏಖೇಳ್ಳಿಯಿಂದ ಬಂದ ಬಸ್ಸಿನವರು ಮಗಳು ಹುಟ್ಟಿದ ಸುದ್ದಿ ಕೊಟ್ಟರು. ಆ ಖುಷಿಯಲ್ಲಿ ನನ್ನ ಹಳೆಯ ಚಾಳಿ ಎದ್ದು ಕೂತಿತು. ಉಳಿದ ನಾಲ್ಕು ಸಾಲನ್ನು ಒಂದೇ ಉಸಿರಿಗೆ ಹೊಲಿದು, ಗಂಟು ಹಾಕಿ, ಕೌದಿ ಮುಗಿಯಿತು ಎಂದು ಕೂಗಿದೆ. ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದಳು. ಅವಳ ಕೈಯಲ್ಲಿ ರೊಟ್ಟಿಯ ಚೂರಿತ್ತು.

"ಹೊಟ್ಟಿ ತುಂಬಿಸದನ ಹೊಲದ್ಯಾ?"

ನಮ್ಮಲ್ಲಿ ಕೌದಿಯ ಕೊನೆಯ ತೇಪೆ ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿ ಇಡುತ್ತಾರೆ. ಹೊದ್ದವರು ಹಸಿಯಬಾರದು ಎಂದು. ಹುಟ್ಟಿದಾಗಿನಿಂದ ಅಂಥ ಕೌದಿಗಳಲ್ಲೇ ಮಲಗಿದವನು ನಾನು, ಸ್ವಂತ ಮಗಳದ್ದಕ್ಕೆ ಮರೆತಿದ್ದೆ. ಅಕ್ಕ ಬೈಯುವಳೆಂದು ಕಾದೆ, ಬೈಯಲಿಲ್ಲ. ಕತ್ತರಿ ತೆಗೆದುಕೊಂಡು ಆ ನಾಲ್ಕು ಸಾಲನ್ನು ನಾನೇ ಬಿಚ್ಚಿದೆ. ಸಿಟ್ಟು ಬರಲಿಲ್ಲ. ಅದೇ ನನಗೆ ಆಶ್ಚರ್ಯ. ರೊಟ್ಟಿಯ ಚೂರು ಇಟ್ಟು, ಅಕ್ಕಿಕಾಳಿನಷ್ಟು ಹೊಲಿಗೆಯಲ್ಲಿ ಮತ್ತೆ ಮುಚ್ಚಲು ಮರುದಿನ ಪೂರ್ತಿ ಹಿಡಿಯಿತು. ಎಲುಬು ಕೂಡುತ್ತದೋ ಇಲ್ಲವೋ, ಈ ಮನುಷ್ಯ ಬದುಕುತ್ತಾನೆ ಎಂದು ನನಗೆ ಆ ದಿನ ಧೈರ್ಯ ಬಂತು.

ಪ್ಲಾಸ್ಟರ್ ಬಿಚ್ಚಿದಾಗ ಕಾಲು ಜೋಳದ ದಂಟಿನಂತಿತ್ತು. ಎಲುಬು ಮಾತ್ರ ನೆಟ್ಟಗೆ ಕೂಡಿತ್ತು. ಅಂಗಡಿಯ ಬಾಗಿಲು ತೆಗೆದು, ಮಷೀನಿನ ಧೂಳು ಒರೆಸಿ, ಪೆಡಲಿನ ಮೇಲೆ ಪಾದ ಇಟ್ಟೆ. ಹತ್ತು ಸಲ ತುಳಿಯುವಷ್ಟರಲ್ಲಿ ಬೆವರು ಇಳಿಯಿತು. ಮೊದಲಿನ ನಾನಾಗಿದ್ದರೆ ಮಷೀನಿಗೆ ಒದೆಯುತ್ತಿದ್ದೆ. ಒಂದು ಸಾಲು ಹೊಲಿದೆ, ಕೂತೆ. ಇನ್ನೊಂದು ಸಾಲು ಹೊಲಿದೆ, ಎದುರಿನ ಬಸ್ಸುಗಳನ್ನು ನೋಡುತ್ತ ಕೂತೆ. ಒಂದೇ ಒಂದು ಅಂಗಿಗೆ ಐದು ದಿನ ಹಿಡಿಯಿತು. ಎರಡೂ ತೋಳುಗಳನ್ನು ಮೂರು ಮೂರು ಸಲ ಅಳೆದೆ. ಇಂದಿಗೂ ಹೇಳುತ್ತೇನೆ, ಅದಕ್ಕಿಂತ ಚೆಂದದ ಅಂಗಿಯನ್ನು ನಾನು ಹೊಲಿದಿಲ್ಲ.

ಕೋಲು ಊರಿಕೊಂಡು ಅದನ್ನು ಬಸವಕಲ್ಯಾಣಕ್ಕೆ ಒಯ್ದೆ. ಭಾವ ತೊಟ್ಟುಕೊಂಡು ಗುಂಡಿ ಹಾಕಿದರು. ಅವರ ಬಲಗೈ ತಾನಾಗಿ ಎಡತೋಳನ್ನು ಮಡಚಲು ಹೋಯಿತು. ನಾನು ಆ ಕೈ ಹಿಡಿದುಕೊಂಡೆ.

"ಮಡಚಬ್ಯಾಡ್ರಿ ಭಾವಾ. ಈ ಸಲ ಎರಡೂ ಬರೋಬ್ಬರಿ ಅದಾವ."

ಭಾವ ಎರಡೂ ಕೈ ಮುಂದೆ ಚಾಚಿ ಮಣಿಕಟ್ಟು ನೋಡಿಕೊಂಡರು. ನನ್ನ ಬೆನ್ನಿಗೊಮ್ಮೆ ಕೈ ಇಟ್ಟು ಅಂಗಡಿಗೆ ಹೋದರು. ಯಾವ ಬಸ್ಸನ್ನೂ ಹಿಡಿಯುವ ಅವಸರವಿಲ್ಲದ್ದರಿಂದ ನಾನು ಅಲ್ಲೇ ಉಳಿದೆ. ಸಂಜೆ ಅವರು ಮನೆಗೆ ಬಂದಾಗ ಹೊಸ ಅಂಗಿಯ ಎರಡೂ ಮಣಿಕಟ್ಟಿಗೆ ಬೆಲ್ಲ ಮೆತ್ತಿತ್ತು, ಎಣ್ಣೆಯ ಕಲೆಯಾಗಿತ್ತು. ಅಕ್ಕ ಬೈದಳು. ಇಡೀ ದಿನ ಭಾವ ತೋಳು ಮಡಚಿರಲಿಲ್ಲ.