ಜೀಪಿನಲ್ಲಿ ಹೂಂಗುಟ್ಟಿದವನು

ನಂಬದವರು ನಂಬದಿರಲಿ, ನನಗೇನೂ ಬೇಜಾರಿಲ್ಲ. ಆ ರಾತ್ರಿ ಸ್ಟೀರಿಂಗ್ ಹಿಡಿದಿದ್ದವನು ನಾನು, ನೀವಲ್ಲ.

ಎಪ್ಪತ್ತರ ದಶಕದ ಶುರು. ನಂದಗುಡಿ ಕಡೆಯ ಗೌಡರೊಬ್ಬರ ಹಳೆಯ ಜೀಪಿಗೆ ನಾನು ಡ್ರೈವರ್. ಬಲಗಾಲು ಮುರಿದು ಕೂಡಿದ ಮೇಲೆ ಆಕ್ಸಿಲರೇಟರ್ ಪೆಡಲ್ ಒತ್ತಿ ಹಿಡಿದರೆ ಬೇಗ ಜೋಮು ಹಿಡಿಯುತ್ತಿತ್ತು. ಗೌಡರಿಗೆ ಗೊತ್ತಾದರೆ ಕೆಲಸ ಹೋದಂತೆಯೇ. ಗೊತ್ತಿದ್ದವನು ಕ್ಲೀನರ್ ನರಸಿಂಹ ಒಬ್ಬನೇ, ನನ್ನ ಬಾಲ್ಯದ ಗೆಳೆಯ.

ಜೀಪಿನ ಮುಂದೆ, ನಮ್ಮಿಬ್ಬರ ನಡುವೆ ಒಂದು ನಾಬ್ ಇತ್ತು. ಹೊರಕ್ಕೆ ಎಳೆದಿಟ್ಟರೆ ಕಾಲಿಡದೆಯೇ ಗಾಡಿ ಒಂದೇ ವೇಗದಲ್ಲಿ ಓಡುತ್ತಿತ್ತು. ನೇರ ರಸ್ತೆಯಲ್ಲಿ ಪರವಾಗಿಲ್ಲ; ತಿರುವಿಗೆ ಮುಂಚೆ ಒಳಕ್ಕೆ ತಳ್ಳದಿದ್ದರೆ ಕತೆ ಮುಗಿದಂತೆ. ಸ್ಟೀರಿಂಗ್ ಬಹಳ ಬಿಗಿ, ನನ್ನ ಎರಡೂ ಕೈ ಅದಕ್ಕೇ ಬೇಕಿತ್ತು. ಹಾಗಾಗಿ ನಾಬ್ ನರಸಿಂಹನ ಪಾಲು. ಅವನು ತೂಕಡಿಸದಿರಲೆಂದು ನಾನು ಏನಾದರೂ ಕತೆ ಹೇಳುತ್ತಿದ್ದೆ, ಅವನು ಹೂಂಗುಟ್ಟುತ್ತಿದ್ದ. ಹೂಂ ನಿಂತರೆ ಗಾಡಿ ನಿಲ್ಲಿಸುವುದು. ಅವನ ಹೂಂ ನಂಬಿಯೇ ನಾನು ಅಷ್ಟು ದಿನ ಅನ್ನ ತಿಂದೆ.

ಆ ಸಂಜೆ ಗೌಡರನ್ನು ಹೊಸಕೋಟೆಯ ಬೀಗರ ಮನೆಗೆ ಬಿಟ್ಟು ಹೊರಟೆವು. ನರಸಿಂಹ ಮಂಕಾಗಿದ್ದ. ದಾರಿ ಪಕ್ಕದ ಹಳ್ಳಿಯಲ್ಲಿ ಅವನ ಬಾಣಂತಿ ಹೆಂಡತಿಯಿದ್ದಳು, ಮಗುವಿಗೆ ಜ್ವರ. ಕತ್ತಲಾದ ಮೇಲೆ, ಆ ಹಳ್ಳಿಯ ಹತ್ತಿರವೇ ರೇಡಿಯೇಟರ್ ಕುದಿಯಿತು. ಪಾಪ, ಕೂತಿರಲಿ ಎಂದು ನಾನೇ ಬಿಂದಿಗೆ ಹಿಡಿದು ತೋಟದ ಬಾವಿಗೆ ಹೋದೆ. ನೀರು ತಂದು ಸುರಿದು, ಹತ್ತಿ ಕೂತೆ. ಒಳಗೆ ಕಣ್ಣಿಗೆ ಕೈ ಕಾಣದಷ್ಟು ಕತ್ತಲು.

"ನಾಬ್ ನೋಡ್ಕೊಳೋ," ಎಂದೆ.

"ಹೂಂ..."

ಕತೆ ಶುರು ಮಾಡಿದೆ. ಹೂಂ ಸರಿಯಾಗಿ ಬರುತ್ತಿತ್ತು... ಆದರೆ ನರಸಿಂಹನ ಬಾಯಲ್ಲಿ ಸದಾ ಇರುತ್ತಿದ್ದ ಹೊಗೆಸೊಪ್ಪಿನ ವಾಸನೆ ಇರಲಿಲ್ಲ. ಅದರ ಬದಲು ಪಾಚಿಯ ವಾಸನೆ. ಕೆರೆ ಇನ್ನೂ ದೂರವಿತ್ತು. ಗಾಳಿಗಿರಬೇಕೆಂದು ಕತೆ ಮುಂದುವರಿಸಿದೆ.

ಕೆರೆ ಏರಿಯ ತಿರುವು ಬಂತು.

"ತಳ್ಳೋ."

"ಹೂಂ..."

ಎಂಜಿನ್ ಸದ್ದು ಇಳಿಯಲಿಲ್ಲ, ಏರಿತು. ಇನ್ನೊಮ್ಮೆ ಕೂಗಿದೆ. ಅದೇ ಹೂಂ... ಎಡಗೈ ಚಾಚಿದೆ. ನಾಬಿನ ಮೇಲೆ ಆಗಲೇ ಒಂದು ಕೈಯಿತ್ತು. ಒದ್ದೆ ಕೈ, ತಣ್ಣಗಿತ್ತು... ಅದು ನಾಬನ್ನು ಹೊರಕ್ಕೆ ಎಳೆಯುತ್ತಿತ್ತು.

ಕೀ ತಿರುಗಿಸಿ ಎಂಜಿನ್ ಆರಿಸಿ, ಬ್ರೇಕ್ ಮೇಲೆ ಎದ್ದು ನಿಂತೆ. ಏರಿಯ ಕಲ್ಲಿಗೆ ಬಡಿದು ಜೀಪು ನಿಂತಿತು. ಕಲ್ಲಿನಾಚೆ ಬರೀ ನೀರು. ಕಪ್ಪೆಗಳೂ ಸದ್ದು ಮಾಡುತ್ತಿರಲಿಲ್ಲ. ಬೆಂಕಿಕಡ್ಡಿ ಗೀರಿದೆ. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಸೀಟು ನೆನೆದು ತೊಪ್ಪೆಯಾಗಿತ್ತು.

ಬೆಳಿಗ್ಗೆ ನರಸಿಂಹ ಹೆಂಡತಿಯ ಊರಿನಿಂದ ನಡೆದು ಬಂದ. ನನ್ನನ್ನು ಸಾಯಲು ಬಿಟ್ಟು, ಒಂದು ಮಾತೂ ಹೇಳದೆ ಇಳಿದು ಹೋದೆಯಲ್ಲ ಎಂದು ಕೊರಳಪಟ್ಟಿ ಹಿಡಿದೆ. ಅವನು ನನ್ನ ಕೈ ಬಿಡಿಸಿಕೊಂಡ.

"ಹೇಳ್ದೇ ಹೋಗಿಲ್ಲ ಕಣೋ. ಮಗು ನೋಡ್ಕೊಂಡ್ ಬರ್ತೀನಿ, ಇಳೀಲಾ ಅಂತ ಕೇಳ್ದೆ. ನೀನು ಬಾವಿಯಿಂದ ಬಂದು ಸ್ಟೀರಿಂಗ್ ಮುಂದೆ ಕೂತ್ಕೊಂಡೇ ಹೂಂ ಅಂದ್ಯಲ್ಲ."

ನಾನು ಆಗ ಇನ್ನೂ ಬಾವಿಯ ಹತ್ತಿರವೇ ಇದ್ದೆ.

ಅವನು ಸುಳ್ಳು ಹೇಳಿದ, ನನಗೆ ದ್ರೋಹ ಮಾಡಿದ ಎಂದೇ ಹಟ ಹಿಡಿದು, ಮಾತು ಬಿಟ್ಟೆ. ಅವನು ಸಾಯುವವರೆಗೂ ಆಡಲಿಲ್ಲ. ಜನ ನನ್ನನ್ನು ಕಲ್ಲು ಮನಸ್ಸಿನವನು ಅನ್ನುತ್ತಾರೆ. ಅನ್ನಲಿ. ಅವನು ಹೇಳಿದ್ದು ನಿಜವೆಂದು ಒಪ್ಪಿಕೊಂಡರೆ, ಆ ಹೂಂ ಯಾರದೆಂದು ಯೋಚಿಸಬೇಕಾಗುತ್ತದೆ...