ನಾನು ಕೇಳಿದೆನೆನ್ನುವ ಆ ಪ್ರಶ್ನೆ

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ಜನರ ಸಂಕಟ ಕೇಳುವುದು ನನ್ನ ಕೆಲಸ. ಇಪ್ಪತ್ತು ವರ್ಷಗಳಿಂದ ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಬಸ್ಸಿನಲ್ಲಿ ಓಡಾಡುತ್ತ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. "ಮೈಮ್ಯಾಲೆ ಬರತೈತ್ರಿ" ಎಂದವರನ್ನು, "ಸತ್ತಾಕಿ ಬಂದು ಮಾತಾಡಿದ್ಲ್ರಿ" ಎಂದವರನ್ನು ಎಷ್ಟೋ ಸಲ ಎದುರಿಗೆ ಕೂಡಿಸಿಕೊಂಡಿದ್ದೇನೆ. ಅವರನ್ನು ನೋಡಿ ನಕ್ಕವಳಲ್ಲ. ಆದರೆ ನಾನು ಮೊದಲು ಕೇಳುತ್ತಿದ್ದುದು, ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತು, ಊಟ ಸೇರುತ್ತದೆಯೇ ಎಂದು. ಬಹಳ ಸಲ ಉತ್ತರ ಅಲ್ಲೇ ಸಿಕ್ಕಿಬಿಡುತ್ತಿತ್ತು. ಒಮ್ಮೆ ಮಾತ್ರ ಸಿಗಲಿಲ್ಲ. ಆಗ ಅವರು ಕೂಡುವ ಕುರ್ಚಿಯಲ್ಲಿ ಕುಳಿತಿದ್ದವಳು ನಾನೇ.

ನಮ್ಮದು ಬೆಟಗೇರಿಯ ನೇಕಾರರ ಮನೆ. ದೊಡ್ಡ ಕುಟುಂಬ. ದೊಡ್ಡಮ್ಮ ಮತ್ತು ನಮ್ಮವ್ವ ಮಾತು ಬಿಟ್ಟಾಗಲೆಲ್ಲ ಇಬ್ಬರ ತಾಟಿನಲ್ಲೂ ಉಣ್ಣುತ್ತಿದ್ದವಳು ನಾನೊಬ್ಬಳೇ. ಈ ಕೆಲಸ ಅಲ್ಲಿಯೇ ಶುರುವಾಯಿತು ಎನಿಸುತ್ತದೆ. ಧಾರವಾಡದಲ್ಲಿ ಸಮಾಜಕಾರ್ಯ ಓದಿದೆ, ಆಮೇಲೆ ಕೆಲವು ವರ್ಷ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರಿಗೆ ಕೆಟ್ಟ ಸುದ್ದಿ ತಿಳಿಸುವ ಕೆಲಸ ಮಾಡಿದೆ. ಕೊನೆಗೆ ಪರಿಚಿತರ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ ಹಿಡಿದೆ. ಕೆಳಗೆ ದಿನವಿಡೀ ಮಗ್ಗ ನಡೆಯುತ್ತದೆ. ಒಳಗೆ ಯಾರು ಅತ್ತರೂ ಹೊರಗೆ ಕೇಳುವುದಿಲ್ಲ. ಆ ಕೋಣೆಯನ್ನು ಆರಿಸಿದ್ದೇ ಅದಕ್ಕಾಗಿ.

ನನ್ನ ಪದ್ಧತಿಯಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ನಾನು ಬುದ್ಧಿ ಹೇಳುವುದಿಲ್ಲ. ಇಡೀ ಮನೆಯೇ ಬಂದರೆ, ಎಲ್ಲರಿಗಿಂತ ಕಡಿಮೆ ಮಾತಾಡುವವರನ್ನು ನನ್ನ ಪಕ್ಕ ಕೂಡಿಸಿಕೊಳ್ಳುತ್ತೇನೆ. ಗಂಡ ಹೆಂಡತಿ ಬಂದರೆ ಮೊದಲು ಒಬ್ಬೊಬ್ಬರನ್ನೇ ಕೇಳುತ್ತೇನೆ, ಆಮೇಲೆ ಇಬ್ಬರನ್ನೂ ಒಟ್ಟಿಗೆ. ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ನನ್ನಿಂದ ಹೋಗುವುದಿಲ್ಲ ಎಂದು ಮೊದಲ ದಿನವೇ ಮಾತು ಕೊಡುತ್ತೇನೆ. ಆ ಮಾತೊಂದು ತಪ್ಪಿದರೆ ನನ್ನ ಬಳಿ ಬೇರೇನೂ ಉಳಿಯುವುದಿಲ್ಲ.

ಇದು ನಡೆದು ಐದಾರು ವರ್ಷವಾಗಿರಬೇಕು. ಪ್ರತಿ ಶನಿವಾರ ಮುಂಡರಗಿಯಲ್ಲಿ, ಗೆಳತಿಯೊಬ್ಬಳ ಮನೆಯ ಮುಂದಿನ ಕೋಣೆಯಲ್ಲಿ ಕೂಡುತ್ತಿದ್ದೆ. ಹಮ್ಮಿಗಿಯಿಂದ ಫಕ್ಕೀರಪ್ಪ, ರೇಣವ್ವ ಎಂಬ ಗಂಡ ಹೆಂಡತಿ ಬಂದರು. ಅವನು ಹೊಲ ನೋಡಿಕೊಂಡು ಶಾಲೆಯ ವ್ಯಾನನ್ನೂ ಓಡಿಸುತ್ತಿದ್ದ. ಅವಳು ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ಎಂಟು ತಿಂಗಳಿಂದ ಇಬ್ಬರಿಗೂ ಮಾತಿರಲಿಲ್ಲ. ಹತ್ತು ವರ್ಷದ ಮಗಳು ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುತ್ತಿದ್ದಳು. "ಅಪ್ಪಗ ರೊಟ್ಟಿ ಆಗ್ಯಾವಂತ ಹೇಳು." "ನಿಮ್ಮವ್ವಗ ನಂಗ ಹಸಿವಿಲ್ಲ ಅಂತ ಹೇಳು." ಹೀಗೇ ನಡೆದು ಆ ಹುಡುಗಿ ಶಾಲೆಯಲ್ಲಿ ಮಾತಾಡುವುದನ್ನೇ ಬಿಟ್ಟಳು. ಕರೆದರೆ ನೋಡುತ್ತಾಳೆ, ಬಾಯಿ ತೆರೆಯುವುದಿಲ್ಲ. ಶಿಕ್ಷಕಿಯೊಬ್ಬರು ಗಾಬರಿಯಾಗಿ ತಂದೆ ತಾಯಿಯನ್ನು ನನ್ನಲ್ಲಿಗೆ ಕಳಿಸಿದ್ದರು.

ಮೂರು ವಾರ ಏನೂ ಆಗಲಿಲ್ಲ. ಎಂಟು ತಿಂಗಳ ಹಿಂದೆ ರೇಣವ್ವನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಹೆಣ್ಣು ಕೂಸು ಅರ್ಧ ದಿನ ಬದುಕಿ ತೀರಿಕೊಂಡಿತ್ತು. ಬೇರೆ ಬೇರೆಯಾಗಿ ಕೇಳಿದಾಗ ಇಬ್ಬರೂ ಅಷ್ಟನ್ನೇ ಹೇಳಿದರು. "ಅದ ಆಗಿ ಹೋತ್ರಿ, ಬಿಡ್ರಿ," ಎಂದ ಫಕ್ಕೀರಪ್ಪ. ರೇಣವ್ವ ಅದರ ಜೊತೆಗೆ ಇನ್ನೊಂದು ಮಾತು ಆಡಿದ್ದಳು: "ನಮ್ಮ ಮನಿಯವ್ರು ಮಣ್ಣ ಕೊಟ್ಟ ಬಂದು ಕೈ ತೊಳಕೊಂಡು ರೊಟ್ಟಿ ತಿಂದ್ರ್ರಿ ಅಕ್ಕಾರ. ನಾ ಕಣ್ಣಾರೆ ನೋಡೇನಿ." ಅಲ್ಲಿಂದ ಮುಂದೆ ಅವಳೂ ಹೋಗಲಿಲ್ಲ.

ನಾಲ್ಕನೆಯ ಶನಿವಾರ ನಾನು ಬಹಳ ದಣಿದಿದ್ದೆ. ಆ ವಾರ ಲಕ್ಷ್ಮೇಶ್ವರದಲ್ಲಿ ಅಣ್ಣ ತಮ್ಮಂದಿರ ಒಂದು ಜಗಳ, ಶಿರಹಟ್ಟಿಯಲ್ಲಿ ವಿಷ ಕುಡಿದು ಬದುಕಿದ ಸೊಸೆಯ ಮನೆ, ಅಂದು ಬೆಳಿಗ್ಗೆಯಿಂದ ಮುಂಡರಗಿಯಲ್ಲಿ ಮೂರು ಕುಟುಂಬ. ಇಷ್ಟು ಜನರ ಮಾತು ಕೇಳಿದ ಮೇಲೆ ಕಿವಿಗೂ ನೋವು ಬರುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಗಂಡ ಹೆಂಡತಿ ಬಂದು ಎದುರು ಬದುರು ಕುಳಿತರು. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಗೆಳತಿ ಚಹಾ ತಂದಿಟ್ಟು ಹೋದಳು. ರೇಣವ್ವ ಮಗಳ ಪರೀಕ್ಷೆಯ ವಿಷಯ ಹೇಳತೊಡಗಿದಳು. ನಾನು ಬರೆದುಕೊಳ್ಳುತ್ತಿದ್ದೆ. ಅಲ್ಲಿಯವರೆಗೆ ಎಲ್ಲವೂ ಸ್ಪಷ್ಟವಾಗಿ ನೆನಪಿದೆ.

ಆಮೇಲೆ ನನಗೆ ನೆನಪಿರುವುದು, ಫಕ್ಕೀರಪ್ಪ ಹೆಂಡತಿಯ ಕುರ್ಚಿಯ ಹತ್ತಿರ ನೆಲದ ಮೇಲೆ ಕುಳಿತು ಅಳುತ್ತಿದ್ದುದು. ರೇಣವ್ವ ಅವನ ತಲೆಯ ಮೇಲೆ ಕೈ ಇಟ್ಟು, ಸೆರಗು ಬಾಯಿಗೊತ್ತಿಕೊಂಡು ತಾನೂ ಅಳುತ್ತಿದ್ದಳು. ಚಹಾದ ಮೇಲೆ ಕೆನೆಗಟ್ಟಿತ್ತು. ಗಡಿಯಾರ ನೋಡಿದೆ, ಮುಕ್ಕಾಲು ತಾಸು ಕಳೆದಿತ್ತು. ನನ್ನ ವಹಿಯಲ್ಲಿ ಪರೀಕ್ಷೆಯ ಮಾತು ಅರ್ಧಕ್ಕೆ ನಿಂತು, ಮುಂದೆ ಪುಟ ಖಾಲಿ ಇತ್ತು.

ನಿದ್ದೆ ಹೋಗಿಬಿಟ್ಟೆ ಎಂದು ನಾಚಿಕೆಯಿಂದ ಮುದುಡಿದೆ. ಹೊರಡುವಾಗ ಹೆಂಡತಿ ಅಂಗಳಕ್ಕಿಳಿದ ಮೇಲೆ ಫಕ್ಕೀರಪ್ಪ ಬಾಗಿಲಲ್ಲಿ ನಿಂತ.

"ಅಕ್ಕಾರ, ಅಂಗಿ ವಿಷಯ ನಿಮಗ ಹ್ಯಾಂಗ ಗೊತ್ತಾತ್ರಿ? ನಾ ಒಂದು ನರಪಿಳ್ಳಿ ಮುಂದನೂ ಹೇಳಿದ್ದಿಲ್ಲ."

ಯಾವ ಅಂಗಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. "ಹೋಗಿ ಬರ್ರಿ, ಮುಂದಿನ ವಾರ ಮಾತಾಡೂಣು," ಎಂದೆ.

ಮುಂದಿನ ಶನಿವಾರ ರೇಣವ್ವ ಒಬ್ಬಳೇ ಬಂದಳು. ಹೋದ ವಾರ ಏನಾಯಿತೆಂದು ನಿಮ್ಮ ಬಾಯಿಂದ ಕೇಳಬೇಕು ಎಂದೆ. ನಾವು ಹೀಗೆ ಕೇಳುವುದುಂಟು, ಅವಳಿಗೆ ಅನುಮಾನ ಬರಲಿಲ್ಲ.

"ನೀವು ಪೆನ್ನು ಕೆಳಗಿಟ್ರಿ. ನಮ್ಮಿಬ್ಬರ್ನೂ ನೋಡ್ಲಿಲ್ಲ, ನಡುವ ನೋಡಿದ್ರಿ. ಮತ್ತ, 'ನಾಗವೇಣಿನ್ನ ಲಗ್ನದ ಅಂಗ್ಯಾಗ ಸುತ್ತಿ ಇಟ್ಟಿದ್ದು ಅವ್ವಗ ಯಾಕ ಹೇಳ್ಲಿಲ್ಲ?' ಅಂತ ಇವ್ರಿಗೆ ಕೇಳಿದ್ರಿ. ಅಷ್ಟ್ರಿ. ಆಮ್ಯಾಲೆ ನೀವು ಮಾತಾಡ್ಲಿಲ್ಲ."

ನಾಗವೇಣಿ ಯಾರು ಎಂದು ಕೇಳಿದೆ.

"ಹೊಟ್ಟ್ಯಾಗಿದ್ದಾಗ ನಾ ಒಳಗೊಳಗ ಕರೀತಿದ್ದ ಹೆಸರ್ರಿ ಅದು. ತವರ ಊರು ಅಸುಂಡ್ಯಾಗ ಸಣ್ಣಾಕಿದ್ದಾಗ ನನ್ನ ಗೆಳತಿ ಇದ್ಲು ನಾಗವೇಣಿ ಅಂತ. ಹೆಸರಿಡೂ ಮುಂಚೆ ಯಾರ ಮುಂದೂ ಅನಬಾರ್ದು ಅಂತ ಅವ್ರಿಗೂ ಹೇಳಿದ್ದಿಲ್ಲ."

ಉಳಿದದ್ದನ್ನೂ ಅವಳೇ ಹೇಳಿದಳು. ಕೂಸನ್ನು ಹಾಗೆಯೇ ಮಣ್ಣಿಗೆ ಕೊಡಲು ಫಕ್ಕೀರಪ್ಪನಿಗೆ ಮನಸ್ಸಾಗಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಹೋಗಿ ಟ್ರಂಕಿನೊಳಗಿನ ತನ್ನ ಮದುವೆಯ ಅಂಗಿ ತಂದು ಅದರಲ್ಲಿ ಸುತ್ತಿ, ಹೊಲದ ಬದುವಿನಲ್ಲಿ ಇಟ್ಟು ಬಂದಿದ್ದ. ಆಸ್ಪತ್ರೆಗೆ ಮರಳಿದಾಗ ಹಿರಿಯರು ತಿನ್ನು ಎಂದದ್ದಕ್ಕೆ ರೊಟ್ಟಿ ತಿಂದಿದ್ದ. ಹೆಸರು ಅವನಿಗೆ ಗೊತ್ತಿರಲಿಲ್ಲ, ಅಂಗಿ ಅವಳಿಗೆ ಗೊತ್ತಿರಲಿಲ್ಲ. ಅವಳು ನನಗೆ ಹೇಳಿರಬೇಕೆಂದು ಅವನು, ಅವನು ಹೇಳಿರಬೇಕೆಂದು ಅವಳು ಮೊದಲು ತಿಳಿದಿದ್ದರಂತೆ. ಮನೆಗೆ ಹೋಗಿ ಮಾತಾಡಿಕೊಂಡಾಗಲೇ ಇಬ್ಬರೂ ಹೇಳಿಲ್ಲ ಎಂದು ತಿಳಿದದ್ದು. ಕೊಟ್ಟ ಮಾತನ್ನು ನಾನು ಮುರಿದೆನೇ, ಇಲ್ಲವೇ? ಅದು ಇಂದಿಗೂ ನನಗೆ ಬಗೆಹರಿದಿಲ್ಲ. ಯಾರೂ ಹೇಳದ ಗುಟ್ಟನ್ನು ಬಿಟ್ಟುಕೊಡುವುದು ಹೇಗೆ?

ಆ ಸಂಜೆ ಬೆಟಗೇರಿಗೆ ಬಂದು ವಹಿಯ ಪುಟ ಪುಟ ತಿರುವಿದೆ. ಹೆಸರೂ ಇಲ್ಲ, ಅಂಗಿಯೂ ಇಲ್ಲ. ಧಾರವಾಡದಲ್ಲಿರುವ ನನ್ನ ಗುರುಗಳಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿ, "ನೀ ಚೊಲೋತಂಗ ನಿದ್ದಿ ಮಾಡಿ ಎಷ್ಟ ದಿನ ಆತವ್ವ?" ಎಂದರು. ನನ್ನ ಪ್ರಶ್ನೆ ನನಗೇ ಬಂದಿತ್ತು. ದಣಿದ ಮನಸ್ಸು ಕೇಳಿದ್ದನ್ನು ಎಲ್ಲೋ ಹುದುಗಿಸಿ ಇಡುತ್ತದೆ, ಒಬ್ಬೊಬ್ಬರೇ ಬಂದಾಗ ಬಾಯಿ ತಪ್ಪಿ ಅಂದಿರಬಹುದು, ನೀನು ಮರೆತಿರಬಹುದು ಎಂದರು. ಇರಬಹುದು. ಹದಿನೈದು ದಿನ ರಜೆ ಹಾಕಿ ಬರೀ ಮಲಗಿದೆ. ಎದ್ದಾಗಲೂ ಆ ಮುಕ್ಕಾಲು ತಾಸು ಖಾಲಿಯಾಗಿಯೇ ಇತ್ತು.

ಅವರ ಮನೆಯೇನೋ ನೆಟ್ಟಗಾಯಿತು. ಶಾಲೆಯವರು ಮಕ್ಕಳನ್ನು ಬಿಂಕದಕಟ್ಟಿಯ ಪ್ರಾಣಿ ಸಂಗ್ರಹಾಲಯಕ್ಕೆ ಕರೆದೊಯ್ದಾಗ ಆ ಹುಡುಗಿ ದಾರಿಯುದ್ದಕ್ಕೂ ಪಕ್ಕದವಳ ಜೊತೆ ಹರಟಿದಳಂತೆ. ಶಿಕ್ಷಕಿ ಫೋನಿನಲ್ಲಿ ಹೇಳಿ ಅತ್ತರು. ಆದರೆ ಸುದ್ದಿ ಬೇರೆ ರೀತಿಯಲ್ಲಿ ಹಬ್ಬಿತು. "ನಮಗೂ ಹಂಗ ನೋಡಿ ಹೇಳ್ರಿ ಅಕ್ಕಾರ" ಎಂದು ಕಾಯಿ ಕರ್ಪೂರ ಹಿಡಿದು ಬಂದವರಿದ್ದಾರೆ. ಅವರನ್ನು ಕೂಡಿಸಿ, ನನಗೆ ಏನೂ ಕಾಣುವುದಿಲ್ಲ, ನೀವು ಹೇಳಿದರಷ್ಟೇ ಗೊತ್ತಾಗುತ್ತದೆ ಎಂದು ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಶಕ್ತಿ ಹೋಗುತ್ತಿತ್ತು. ಫಕ್ಕೀರಪ್ಪ ರೇಣವ್ವರಿಗೆ ಮಾತ್ರ ನನಗೆ ಅದಾವುದೂ ನೆನಪಿಲ್ಲ ಎಂದು ಹೇಳಲೇ ಇಲ್ಲ. ಮೊದಲು ಅಂಜಿಕೆ, ಆಮೇಲೆ ಸಮಯ ಮೀರಿತು ಎಂಬ ನೆಪ.

ಹೋದ ವರ್ಷ ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ ರೇಣವ್ವ ಸಿಕ್ಕಳು. ತುಸು ದಪ್ಪಗಾಗಿದ್ದಳು. ಮಗಳು ಹೈಸ್ಕೂಲಿಗೆ ಹೋಗುತ್ತಾಳೆ ಎಂದಳು. ಚೀಲದಿಂದ ಒಂದು ಹಿಡಿ ಹಸಿ ಕಡಲೆ ಗಿಡ ತೆಗೆದು ನನ್ನ ಕೈಗೆ ಕೊಟ್ಟಳು. ಗದಗಿನ ಬಸ್ಸು ಬಂದು ನಿಂತಿತು. ನಾನು ಹೊರಟಾಗ ನನ್ನ ಮುಂಗೈ ಹಿಡಿದಳು.

"ಅಕ್ಕಾರ, ಒಂದ ಮಾತ ಕೇಳಬೇಕಂತ ಎಷ್ಟೋ ದಿನದಿಂದ ಐತ್ರಿ. ಅವತ್ತ ನನ್ನ ನಾಗವೇಣಿ ಮತ್ತೇನರ ಅಂದ್ಲೇನ್ರಿ?"

ಹಿಂದಿನವರು ನೂಕುತ್ತಿದ್ದರು, ಕಂಡಕ್ಟರ್ "ಜಲ್ದಿ ಹತ್ರಿ" ಎನ್ನುತ್ತಿದ್ದ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳ ಕೈ ಬಿಡಿಸಿಕೊಳ್ಳಲಿಲ್ಲ. ಬಸ್ಸು ನನ್ನನ್ನು ಬಿಟ್ಟು ಹೋಯಿತು.